ಫ್ಲಿಕರ್: ಇಂಗ್ಲಿಷ್‌ನಾಗ ಒಂದು ಪದ, ನಮ್ಮ ಕಡೆ ಐದಾರು ಮಾತು

ಈ ಸಲದ ಪದ ‘ಫ್ಲಿಕರ್’. ಟ್ರಿಪಲ್‌ಇ ಓದುವವರಿಗೆ ಪವರ್ ಕ್ವಾಲಿಟಿ ಪಾಠದಲ್ಲಿ ಸಿಗುತ್ತದೆ. ಇಸಿ ಓದುವವರಿಗೆ ಆಂಪ್ಲಿಫೈಯರ್ ನಾಯ್ಸ್‌ನಲ್ಲಿ, ಸಿಎಸ್‌ನವರಿಗೆ ಪರದೆಯ ರಿಫ್ರೆಶ್‌ನಲ್ಲಿ, ಇಂಗ್ಲಿಷ್ ಕತೆ ಓದುವವರಿಗೆ ಮೇಣದಬತ್ತಿಯ ಪಕ್ಕದಲ್ಲಿ ಸಿಗುತ್ತದೆ. ಪದ ಒಂದೇ ಆದರೂ ಈ ನಾಲ್ಕು ಕಡೆ ಅದು ಹೇಳುವ ಸಂಗತಿ ಬೇರೆ ಬೇರೆ.

ನಮ್ಮಲ್ಲಿ ಬಹಳ ಜನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರು. ಮನೆಯಿಂದ ಫೋನ್ ಬಂದಾಗ ಕಾಕಾನೋ ಅವ್ವನೋ ಕೇಳೋದು ಹೀಗೆ: “ಲೈಟ್ ಮಿಣಕ್ ಮಿಣಕ್ ಅನ್ನಾಕತ್ತೈತೆಪಾ, ಯಾಕಿರಬೇಕು? ನೀ ಇಂಜಿನಿಯರಿಂಗ್ ಓದಾಕತ್ತಿ, ಹೇಳು ನೋಡೋಣು.” ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ‘ಮಿಣಕ್ ಮಿಣಕ್’ ಅಂದರೆ ಅವರು ನೋಡಿದ್ದು ಏನು ಅಂತ ಮೊದಲು ಗೊತ್ತಾಗಬೇಕು. ಡಿಕ್ಷನರಿಯಲ್ಲಿ ಫ್ಲಿಕರ್ ಎದುರಿಗೆ ‘ಮಿನುಗು’ ಅಂತ ಬರೆದುಕೊಂಡು ಬಿಟ್ಟರೆ ಕತೆಯ ಮೇಣದಬತ್ತಿಗೆ ಹೇಗೋ ಸಾಕಾದೀತು. ಕಂಬದ ಮೇಲೆ ಸಡಿಲವಾದ ನ್ಯೂಟ್ರಲ್ ತಂತಿಗೆ ಅದು ಸಾಕಾಗೋದಿಲ್ಲ. ಅಲ್ಲಿ ಪದ ತಪ್ಪಿದರೆ ಟಿವಿ ಸುಡುತ್ತದೆ, ಕೆಲವೊಮ್ಮೆ ಮನುಷ್ಯನ ಕೈಗೂ ಅಪಾಯ.

ಪದಕ್ಕೆ ಅರ್ಥ ಹೇಳುವ ಕೆಲಸ ನಮ್ಮ ಊರಿಗೆ ಹೊಸದೇನಲ್ಲ. 10ನೇ ಶತಮಾನದ ಕವಿ ರನ್ನ ಮುಧೋಳದವನು, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಹಳಗನ್ನಡ ಪದಗಳಿಗೆ ಅರ್ಥ ಹೇಳುವ ‘ರನ್ನಕಂದ’ ಎಂಬ ನಿಘಂಟೂ ಅವನ ಹೆಸರಿನಲ್ಲಿದೆ. ಆ ನೆಲದವರಾದ ನಾವು ಒಂದು ಇಂಗ್ಲಿಷ್ ಪದಕ್ಕೆ ಸರಿಯಾದ ಕನ್ನಡ ಹುಡುಕೋಣ ಬನ್ನಿ.

1. ಪದದ ಹುಟ್ಟು

ಫ್ಲಿಕರ್ ಮೊದಲು ಬೆಳಕಿನ ಪದವೇ ಆಗಿರಲಿಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ಇದರ ಮೂಲರೂಪಕ್ಕೆ ಹಕ್ಕಿ ರೆಕ್ಕೆ ಪಟಪಟ ಬಡಿಯುವುದು ಎಂಬ ಅರ್ಥವಿತ್ತು. ಬೆಂಕಿಯ ಕುಡಿ, ದೀಪದ ಕುಡಿ ರೆಕ್ಕೆಯ ಹಾಗೆ ಅಲ್ಲಾಡುತ್ತದೆ ಅನ್ನುವ ಹೋಲಿಕೆಯಿಂದ ಸುಮಾರು 1600ರ ಹೊತ್ತಿಗೆ ‘ಸ್ಥಿರವಿಲ್ಲದೆ ಉರಿ’ ಎಂಬ ಅರ್ಥ ಬಂತು. ಉತ್ತರ ಅಮೆರಿಕದಲ್ಲಿ ಫ್ಲಿಕರ್ ಹೆಸರಿನ ಒಂದು ಮರಕುಟಿಗ ಹಕ್ಕಿ ಕೂಡ ಇದೆ.

ಆಮೇಲೆ ಸಿನಿಮಾ ಬಂತು. ಹಳೆಯ ಪ್ರೊಜೆಕ್ಟರ್‌ಗಳಲ್ಲಿ ಚಿತ್ರ ಪಟಪಟ ಅನ್ನುತ್ತಿತ್ತು. ಹಾಗಾಗಿ ಜನ ಸಿನಿಮಾವನ್ನೇ ಆಡುಮಾತಿನಲ್ಲಿ ‘ಫ್ಲಿಕ್’ ಅಂದರು. ನೆಟ್‌ಫ್ಲಿಕ್ಸ್ ಹೆಸರಿನ ಬಾಲದಲ್ಲಿ ಇರೋದು ಅದೇ ಫ್ಲಿಕ್. 2004ರಲ್ಲಿ ಶುರುವಾದ ಫೋಟೋ ತಾಣ ಫ್ಲಿಕರ್ ಇದೇ ಪದದಿಂದ ಒಂದು ‘ಇ’ ಅಕ್ಷರ ಬಿಟ್ಟು ಹೆಸರು ಮಾಡಿಕೊಂಡಿತು.

ಇಷ್ಟರಲ್ಲಿ ಒಂದು ಸಂಗತಿ ನೆನಪಿಡಿ. ಫ್ಲಿಕರ್ ಅಂದರೆ ಬೇಗ ಬೇಗ ಆಗುವ, ಸಣ್ಣ, ಮತ್ತೆ ಮತ್ತೆ ಬರುವ ಬದಲಾವಣೆ. ಬೆಳಕು ಪೂರ್ತಿ ಆರಬೇಕು ಅಂತೇನಿಲ್ಲ. ಹೆಚ್ಚು-ಕಡಿಮೆ ಆದರೂ ಅದು ಫ್ಲಿಕರ್.

2. ಇಂಗ್ಲಿಷ್‌ನ ಅಕ್ಕಪಕ್ಕದ ಮನೆಗಳು

ಬೆಳಕಿಗೆ ಇಂಗ್ಲಿಷ್‌ನಲ್ಲಿ ಪದಗಳ ಓಣಿಯೇ ಇದೆ. ಪರೀಕ್ಷೆಯಲ್ಲಿ, ಇಂಟರ್‌ವ್ಯೂನಲ್ಲಿ, ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಒಂದರ ಬದಲು ಇನ್ನೊಂದು ಹಾಕಿದರೆ ಅರ್ಥವೇ ಬೇರೆಯಾಗುತ್ತದೆ.

ಟ್ವಿಂಕಲ್: ನಕ್ಷತ್ರದ್ದು. ಸಣ್ಣದು, ದೂರದ್ದು, ಚೆಂದದ್ದು. ಬಲ್ಬ್ ಕೆಟ್ಟಿದೆ ಅನ್ನೋಕೆ ಈ ಪದ ಬಳಸಬಾರದು.
ಗ್ಲಿಮರ್: ಬಹಳ ಮಂದವಾದ ಬೆಳಕು. ಇದೆಯೋ ಇಲ್ಲವೋ ಅನ್ನುವಷ್ಟು.
ಗ್ಲಿಟರ್: ಬೇರೆ ಬೆಳಕು ಬಿದ್ದು ಹೊಳೆಯುವುದು. ಜರಿ ಸೀರೆಯ ಸೆರಗು, ಒಡವೆ.
ಶಿಮರ್: ನೀರಿನ ಮೇಲೆ ಬೆಳದಿಂಗಳು ತೇಲಿದ ಹಾಗೆ ನಯವಾಗಿ ಅಲುಗುವ ಹೊಳಪು.
ಬ್ಲಿಂಕ್: ಲೆಕ್ಕವಿಟ್ಟು ಹತ್ತುವುದು, ಆರುವುದು. ಆರ್ಡುಯಿನೊದಲ್ಲಿ ನೀವು ಬರೆಯುವ ಮೊದಲ ಪ್ರೋಗ್ರಾಂ ಬ್ಲಿಂಕ್, ಫ್ಲಿಕರ್ ಅಲ್ಲ. ಅಲ್ಲಿ ಆನ್ ಎಷ್ಟು ಹೊತ್ತು, ಆಫ್ ಎಷ್ಟು ಹೊತ್ತು ಅಂತ ನೀವೇ ಹೇಳಿರುತ್ತೀರಿ.
ಫ್ಲ್ಯಾಶ್: ಒಮ್ಮೆಲೇ ಜೋರಾಗಿ ಬಂದು ಹೋಗುವ ಬೆಳಕು. ಮಿಂಚು.
ಫ್ಲಿಕರ್: ಇರಬೇಕಾದ ಸ್ಥಿರತೆ ಇಲ್ಲದ ಬೆಳಕು. ಇದರಲ್ಲಿ ಒಂದು ದೂರು ಅಡಗಿರುತ್ತದೆ. ಯಾರೂ ಬೇಕಂತ ಮಾಡಿದ್ದಲ್ಲ.

ಬ್ಲಿಂಕ್ ಮತ್ತು ಫ್ಲಿಕರ್ ನಡುವಿನ ಈ ವ್ಯತ್ಯಾಸ ಇಂಜಿನಿಯರ್‌ಗೆ ಮುಖ್ಯ. ಯಂತ್ರದ ಲೈಟ್ ಬ್ಲಿಂಕ್ ಆಗ್ತಿದೆ ಅಂದರೆ ಅದು ಸಂದೇಶ ಕೊಡುತ್ತಿದೆ, ಮ್ಯಾನ್ಯುಅಲ್ ತೆಗೆದು ನೋಡಿ. ಫ್ಲಿಕರ್ ಆಗ್ತಿದೆ ಅಂದರೆ ಎಲ್ಲೋ ಕೆಟ್ಟಿದೆ, ಕನೆಕ್ಷನ್ ನೋಡಿ.

ಬೆಳಕಿನ ಆಚೆಗೂ ಪದ ಓಡಾಡುತ್ತದೆ. ಮುಖದ ಮೇಲೆ ನಗು ಫ್ಲಿಕರ್ ಆಯಿತು ಅಂದರೆ ಕನ್ನಡದಲ್ಲಿ ‘ನಗು ಸುಳಿದು ಹೋಯಿತು’. ಫ್ಲಿಕರ್ ಆಫ್ ಹೋಪ್ ಅಂದರೆ ‘ಆಸೆಯ ಒಂದು ಮಿಣುಕು’. ಇದನ್ನು ಯಾರಾದರೂ ‘ಭರವಸೆಯ ಫ್ಲಿಕರ್’ ಅಂತ ಬರೆದರೆ ಓದುವವರಿಗೆ ಟ್ಯೂಬ್‌ಲೈಟ್ ನೆನಪಾಗುತ್ತದೆ, ಭರವಸೆ ನೆನಪಾಗೋದಿಲ್ಲ.

3. ಕನ್ನಡದಲ್ಲಿ ಏನನ್ನಬೇಕು?

ಇಲ್ಲಿ ನಮ್ಮ ಭಾಷೆಯೇ ಹೆಚ್ಚು ಶ್ರೀಮಂತ. ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸಿದ್ದನ್ನು ಕನ್ನಡ ಕಣ್ಣಿಗೆ ಕಂಡ ಹಾಗೆ ಬಿಡಿಸಿ ಹೇಳುತ್ತದೆ.

ಹೊಯ್ದಾಡು: ಗಾಳಿಗೆ ದೀಪದ ಕುಡಿ ಅತ್ತಿತ್ತ ವಾಲುವುದು. ಪಣತಿಗೆ, ಚಿಮಣಿಗೆ, ಮೇಣದಬತ್ತಿಗೆ ಇದೇ ಸರಿಯಾದ ಪದ. ಮನಸ್ಸಿನ ಹೊಯ್ದಾಟ ಅಂತಲೂ ಅನ್ನುತ್ತೇವಲ್ಲ, ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಮಗೆಲ್ಲ ಆಗುವಂಥದ್ದು.

ಮಿಣುಕು: ಸಣ್ಣ ಬೆಳಕು ಬಂದು ಹೋಗುವುದು. ಮಿಣುಕುಹುಳ ಅನ್ನೋದು ಇದರಿಂದಲೇ. ‘ಮಿಣಕ್ ಮಿಣಕ್’ ಅಂದರೆ ನಡುವೆ ಕತ್ತಲೆ ಇದೆ ಅಂತ ಅರ್ಥ.

ಮಿಟುಕು: ಕಣ್ಣಿನದು. ಕಣ್ಣು ಮಿಟುಕಿಸಿದ ಹಾಗೆ ಹತ್ತಿ ಆರುವ ಇಂಡಿಕೇಟರ್‌ಗೆ ಒಪ್ಪುತ್ತದೆ. ಬ್ಲಿಂಕ್‌ಗೆ ಹತ್ತಿರದ ಪದ.

ಮಿನುಗು: ನಕ್ಷತ್ರ, ಜರಿ, ಒಡವೆ. ಇದು ಮೆಚ್ಚುಗೆಯ ಪದ. “ನಮ್ಮ ಮನೆ ಲೈಟ್ ಮಿನುಗುತ್ತಿದೆ” ಅಂತ ದೂರು ಬರೆದರೆ ಓದಿದವರು ದೀಪಾವಳಿ ಅಂದುಕೊಂಡಾರು.

ಮಂಕಾಗು, ಡಿಮ್ ಆಗು: ಬೆಳಕು ಇಳಿದು ಹಾಗೇ ನಿಲ್ಲುವುದು. ಇದು ಫ್ಲಿಕರ್ ಅಲ್ಲ, ವೋಲ್ಟೇಜ್ ಕಮ್ಮಿ.

ಏರಿಳಿತ: ಒಮ್ಮೆ ಜೋರು, ಒಮ್ಮೆ ಮಂದ. ನಮ್ಮ ಕಡೆ “ಡಿಮ್ ಫುಲ್, ಡಿಮ್ ಫುಲ್ ಆಗಾಕತ್ತೈತಿ” ಅಂತೀವಿ. ಅಳತೆಯ ಮಾತು ಬಂದಾಗ, ಅಂದರೆ ಪಾಠದಲ್ಲಿ ಬರುವ ಫ್ಲಿಕರ್‌ಗೆ, ‘ಬೆಳಕಿನ ಏರಿಳಿತ’ ಅನ್ನಬಹುದು. ಇದು ನಮ್ಮ ಬಳಗದ ಸಲಹೆ. ನಿಮಗೆ ಇನ್ನೂ ಚಲೋ ಪದ ಹೊಳೆದರೆ ಬರೆದು ಕಳಿಸಿ.

‘ಬಳಕೆ ಕನ್ನಡ’ ಪೇಪರ್ ತಗೊಂಡ ಹೊರರಾಜ್ಯದ ಗೆಳೆಯರಿಗೆ ಒಂದು ಮಾತು. ಇವಿಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. ಹೊಯ್ದಾಡು ಗಾಳಿಯದು, ಮಿಣುಕು ಕತ್ತಲೆಯದು, ಏರಿಳಿತ ವೋಲ್ಟೇಜಿನದು, ಮಿನುಗು ಚೆಲುವಿನದು. ಇಷ್ಟು ನೆನಪಿದ್ದರೆ ಸಾಕು.

4. ಊರಿನ ಲೈನ್‌ನಲ್ಲಿ ಫ್ಲಿಕರ್

ಈಗ ಪದದಿಂದ ತಂತಿಗೆ ಬರೋಣ. ಕೃಷ್ಣಾ, ಘಟಪ್ರಭಾ ದಂಡೆಯ ನಮ್ಮ ಊರುಗಳಲ್ಲಿ ಕಬ್ಬಿಗೆ ನೀರು ಹಾಯಿಸುವ ಪಂಪ್‌ಸೆಟ್ಟುಗಳು ಬಹಳ. ಕಬ್ಬಿನ ಟ್ರೇಲರ್ ರಿಪೇರಿಯ ವೆಲ್ಡಿಂಗ್ ಅಂಗಡಿಗಳಿವೆ. ರಬಕವಿ-ಬನಹಟ್ಟಿಯಲ್ಲಿ ಓಣಿ ಓಣಿಗೂ ಪಾವರ್‌ಲೂಮ್ ಸದ್ದು. ಇವೆಲ್ಲ ಮೋಟರ್ ಇಲ್ಲವೇ ಆರ್ಕ್ ಇರುವ ಲೋಡ್‌ಗಳು. ಇಂಡಕ್ಷನ್ ಮೋಟರನ್ನು ನೇರವಾಗಿ ಚಾಲೂ ಮಾಡಿದರೆ ಆ ಕ್ಷಣ ಅದು ಎಳೆಯುವ ಕರೆಂಟು ಪೂರ್ಣ ಲೋಡ್ ಕರೆಂಟಿನ ಸುಮಾರು 5ರಿಂದ 7 ಪಟ್ಟು. ಲೈನ್ ಉದ್ದವಿದ್ದು ತಂತಿ ಸಣ್ಣದಿದ್ದರೆ ಅಷ್ಟು ಕರೆಂಟಿಗೆ ದಾರಿಯಲ್ಲೇ ವೋಲ್ಟೇಜ್ ಬೀಳುತ್ತದೆ. ಆಗ ಓಣಿಯ ಲೈಟೆಲ್ಲ ಒಮ್ಮೆ ಬಾಗಿ ಎದ್ದ ಹಾಗೆ ಕಾಣುತ್ತದೆ.

ಹಳೆಯ ಫಿಲಮೆಂಟ್ ಬಲ್ಬಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಅದರ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದ ಪ್ರಕಾರ ಬದಲಾಗುತ್ತದೆ. ವೋಲ್ಟೇಜ್ 5% ಬಿದ್ದರೆ 0.95ರ 3.4ನೇ ಘಾತ, ಅಂದರೆ ಸುಮಾರು 0.84. ಬೆಳಕು 16% ಇಳಿಯಿತು. ವೋಲ್ಟ್‌ಮೀಟರ್ ಮುಳ್ಳು ಸ್ವಲ್ಪ ಅಲುಗಿದರೆ ಕಣ್ಣಿಗೆ ಅದರ ಮೂರು ಪಟ್ಟು ಕಾಣುತ್ತದೆ ಅಂದಹಾಗಾಯಿತು.

ಕಣ್ಣಿಗೂ ಒಂದು ಗುಣ ಇದೆ. ಸೆಕೆಂಡಿಗೆ ಸುಮಾರು 8.8 ಸಲ ಆಗುವ ಏರಿಳಿತ ಮನುಷ್ಯನಿಗೆ ಎಲ್ಲಕ್ಕಿಂತ ಹೆಚ್ಚು ಕಿರಿಕಿರಿ. ಆ ವೇಗದಲ್ಲಿ ವೋಲ್ಟೇಜ್ ಬರೀ 0.25% ಆಡಿದರೂ ಫಿಲಮೆಂಟ್ ಬಲ್ಬಿನಲ್ಲಿ ಗೊತ್ತಾಗುತ್ತದೆ. ಅದಕ್ಕೇ ಐಇಸಿ ಮಾನದಂಡದ ಫ್ಲಿಕರ್‌ಮೀಟರ್ ವೋಲ್ಟೇಜ್ ಅಳೆದು ಸುಮ್ಮನಾಗುವುದಿಲ್ಲ. ಬಲ್ಬು, ಕಣ್ಣು, ಮಿದುಳು ಮೂರೂ ಸೇರಿದ ಒಂದು ಮಾದರಿಯ ಮೂಲಕ ಅದನ್ನು ಹಾಯಿಸುತ್ತದೆ. 10 ನಿಮಿಷಕ್ಕೊಂದು ಅಂಕಿ ಕೊಡುತ್ತದೆ, ಅದರ ಹೆಸರು ಪಿಎಸ್‌ಟಿ. ಅದು 1 ಬಂದರೆ, ನೋಡುವವರಲ್ಲಿ ಅರ್ಧ ಜನಕ್ಕೆ ಕಿರಿಕಿರಿ ಆಗುವ ಮಟ್ಟ. 2 ಗಂಟೆಯ ಅಂಕಿಗೆ ಪಿಎಲ್‌ಟಿ ಅಂತಾರೆ. ಇಂಜಿನಿಯರಿಂಗ್‌ನಲ್ಲಿ ಮನುಷ್ಯನ ಬೇಸರವನ್ನೇ ಯುನಿಟ್ ಮಾಡಿಕೊಂಡ ಅಳತೆಗಳು ಕಡಿಮೆ. ಅಂಥವುಗಳಲ್ಲಿ ಇದೊಂದು.

ಈಗ ಮನೆಯಿಂದ ಬಂದ ಆ ಫೋನ್ ಪ್ರಶ್ನೆಗೆ ಬನ್ನಿ. ‘ಮಿಣಕ್ ಮಿಣಕ್’ ಅಂದಾಗ ಕೇಳಬೇಕಾದ ಮೊದಲ ಮಾತು: ಒಂದು ಲೈಟೋ, ಇಡೀ ಮನೆಯೋ, ಇಡೀ ಓಣಿಯೋ?

ಒಂದೇ ಲೈಟ್ ಆದರೆ: ಹೋಲ್ಡರ್ ಸಡಿಲ, ಸ್ವಿಚ್ ಸವೆದಿದೆ, ಟ್ಯೂಬ್‌ಲೈಟ್ ಆದರೆ ಸ್ಟಾರ್ಟರ್ ಅಥವಾ ಟ್ಯೂಬ್ ಮುಗಿದಿದೆ, ಎಲ್‌ಇಡಿ ಆದರೆ ಒಳಗಿನ ಡ್ರೈವರ್ ಕೆಟ್ಟಿದೆ.

ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಮಿಣುಕುತ್ತಿದ್ದರೆ: ಸ್ವಿಚ್‌ನಲ್ಲಿರುವ ಇಂಡಿಕೇಟರ್ ಮೂಲಕ ಸಣ್ಣ ಕರೆಂಟು ಹರಿಯುತ್ತಿರಬಹುದು. ಇಲ್ಲವೇ ಸ್ವಿಚ್ಚನ್ನು ಫೇಸ್ ಬಿಟ್ಟು ನ್ಯೂಟ್ರಲ್ ತಂತಿಗೆ ಹಾಕಿರಬಹುದು. ಎರಡನೆಯದು ಅಪಾಯ, ಏಕೆಂದರೆ ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಫೇಸ್ ಇರುತ್ತದೆ. ಬಲ್ಬ್ ಬದಲಿಸಲು ಕೈ ಹಾಕಿದವರಿಗೆ ಶಾಕ್.

ಇಡೀ ಮನೆ ಆದರೆ: ಮೀಟರ್ ಹತ್ತಿರ ಅಥವಾ ಕಂಬದಲ್ಲಿ ಕನೆಕ್ಷನ್ ಸಡಿಲ. ಸಡಿಲ ಕನೆಕ್ಷನ್ ಕಾಯುತ್ತದೆ, ಕಾದದ್ದು ಸುಡುತ್ತದೆ. ತಡ ಮಾಡಬಾರದು.

ಇಡೀ ಓಣಿ ಆದರೆ: ದೊಡ್ಡ ಮೋಟರ್ ಚಾಲೂ ಆಗುತ್ತಿದೆ, ವೆಲ್ಡಿಂಗ್ ನಡೆದಿದೆ, ಅಥವಾ ಗಾಳಿಗೆ ಮರದ ಟೊಂಗೆ ತಂತಿಗೆ ತಾಗುತ್ತಿದೆ.

ಎಲ್ಲಕ್ಕಿಂತ ಎಚ್ಚರ ಇರಬೇಕಾದ್ದು ಇನ್ನೊಂದು ಲಕ್ಷಣಕ್ಕೆ. ಬನಹಟ್ಟಿಯ ಮನೆಯೊಂದರಿಂದ ಲೈನ್‌ಮನ್‌ಗೆ ಹೋದ ಫೋನ್ ಹೀಗಿರಬಹುದು ಅಂದುಕೊಳ್ಳಿ:

“ನಮಸ್ಕಾರ್ರೀ ಅಣ್ಣಾರ. ಮನ್ಯಾಗ ಲೈಟ್ ಮಿಣಕ್ ಮಿಣಕ್ ಅನ್ನಾಕತ್ತಾವ್ರಿ.”
“ಒಂದ ಲೈಟೋ, ಎಲ್ಲಾನೂವೋ ಯಕ್ಕಾರ?”
“ಎಲ್ಲಾನೂ ರೀ. ಮಿಣಕ್ ಅಂದ್ರ ಆರೂದಿಲ್ರಿ. ಒಮ್ಮೆ ಭಾಳ ಜೋರ್ ಉರೀತಾವು, ಫ್ಯಾನೂ ಜೋರ್ ತಿರಗತೈತಿ.”
“ಬಾಜೂ ಮನ್ಯಾಗ?”
“ಅವ್ರ ಮನ್ಯಾಗ ಪೂರಾ ಮಂಕ್ ಆಗ್ಯಾವಂತ್ರಿ.”
“ಹಂಗಾರ ಮದಲ ಮೇನ್ ಸ್ವಿಚ್ ಬಂದ್ ಮಾಡ್ರಿ. ಬಾಜೂದವ್ರಿಗೂ ಹೇಳ್ರಿ. ನ್ಯೂಟ್ರಲ್ ಸಡ್ಲ ಆಗಿರಬೇಕು. ಕಂಬಕ್ಕ ಯಾರೂ ಕೈ ಹಚ್ಚಬ್ಯಾಡ್ರಿ, ನಾ ಬಂದ್ಯಾ.”

ಇಲ್ಲಿ ನಡೆದದ್ದು ಏನು? ಮೂರು ಫೇಸ್ ಲೈನ್‌ನಲ್ಲಿ ಒಂದು ಮನೆ ಒಂದು ಫೇಸ್ ಮೇಲೆ, ಪಕ್ಕದ ಮನೆ ಇನ್ನೊಂದರ ಮೇಲೆ ಇರುತ್ತದೆ. ನ್ಯೂಟ್ರಲ್ ಗಟ್ಟಿಯಾಗಿದ್ದರೆ ಇಬ್ಬರಿಗೂ 230 ವೋಲ್ಟ್. ನ್ಯೂಟ್ರಲ್ ಕಿತ್ತರೆ ಎರಡೂ ಮನೆ ಸೀರೀಸ್‌ನಲ್ಲಿ ಬರುತ್ತವೆ, ಎರಡರ ಮೇಲೆ ಸೇರಿ ಸುಮಾರು 400 ವೋಲ್ಟ್. ಕಡಿಮೆ ಲೋಡ್ ಇರುವ ಮನೆಗೆ, ಅಂದರೆ ರೆಸಿಸ್ಟನ್ಸ್ ಹೆಚ್ಚಿರುವ ಮನೆಗೆ, ವೋಲ್ಟೇಜಿನ ದೊಡ್ಡ ಪಾಲು ಹೋಗುತ್ತದೆ. ಬರೀ ಎರಡು ಎಲ್‌ಇಡಿ, ಒಂದು ಟಿವಿ ಹಚ್ಚಿಕೊಂಡು ಕೂತವರ ಮನೆಯಲ್ಲೇ ಟಿವಿ ಸುಡುವುದು ಅದಕ್ಕೇ.

ಆ ಮಾತುಕತೆ ಮತ್ತೊಮ್ಮೆ ಓದಿ. ಮೊದಲ ಸಾಲಿನ ‘ಮಿಣಕ್ ಮಿಣಕ್’ ಅಷ್ಟನ್ನೇ ನಂಬಿದ್ದರೆ ಲೈನ್‌ಮನ್ ಸಂಜೆ ಬರುತ್ತೇನೆ ಅಂತಿದ್ದ. “ಆರೂದಿಲ್ಲ, ಜೋರ್ ಉರೀತಾವು” ಅಂದ ಮೇಲೆ ವಿಷಯ ಬದಲಾಯಿತು. ವಿದ್ಯುತ್ ದೂರಿಗೆ 1912ಕ್ಕೆ ಫೋನ್ ಮಾಡುವಾಗಲೂ ಹೀಗೇ ಹೇಳಿ: ಆರುತ್ತದೋ, ಮಂಕಾಗುತ್ತದೋ, ಜೋರಾಗುತ್ತದೋ, ಎಷ್ಟು ಮನೆಗೆ.

5. ಕಣ್ಣಿಗೆ ಕಾಣದ ಫ್ಲಿಕರ್

ಇಲ್ಲಿಯವರೆಗೆ ಕಂಡದ್ದರ ಮಾತಾಯಿತು. ಇನ್ನು ಕಾಣದ್ದು.

ನಮ್ಮ ಸಪ್ಲೈ 50 ಹರ್ಟ್ಜ್. ಪವರ್ ಒಂದು ಸೈಕಲ್‌ನಲ್ಲಿ ಎರಡು ಸಲ ತುದಿ ಮುಟ್ಟುತ್ತದೆ, ಆದ್ದರಿಂದ ಲೈಟಿನ ಏರಿಳಿತ ಸೆಕೆಂಡಿಗೆ 100 ಸಲ. ಸಾಮಾನ್ಯವಾಗಿ 50-60 ಹರ್ಟ್ಜ್ ದಾಟಿದ ಮೇಲೆ ಕಣ್ಣು ಏರಿಳಿತವನ್ನು ಒಂದೇ ಬೆಳಕು ಅಂತ ಕೂಡಿಸಿಬಿಡುತ್ತದೆ, ಬಹಳ ಪ್ರಖರ ಬೆಳಕಾದರೆ ಇನ್ನೂ ಸ್ವಲ್ಪ ಮೇಲೆ. ಸಿನಿಮಾದವರು ಈ ಗುಣವನ್ನು ಬಳಸಿಕೊಂಡರು: ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಆದರೂ ಪ್ರೊಜೆಕ್ಟರ್ ಶಟರ್ ಒಂದೊಂದು ಫ್ರೇಮನ್ನು ಎರಡು ಅಥವಾ ಮೂರು ಸಲ ತೋರಿಸಿ 48 ಅಥವಾ 72 ಮಾಡುತ್ತದೆ.

ಫಿಲಮೆಂಟ್ ಬಲ್ಬಿನ ತಂತಿ ಬಿಸಿ ಹಿಡಿದಿಟ್ಟುಕೊಳ್ಳುತ್ತಿತ್ತು, ಆದ್ದರಿಂದ ಅದರಲ್ಲಿ 100 ಹರ್ಟ್ಜ್ ಏರಿಳಿತ ಕಡಿಮೆ. ಹಳೆಯ ಚೋಕ್‌ನ ಟ್ಯೂಬ್‌ಲೈಟಿನಲ್ಲಿ ಹೆಚ್ಚು. ಎಲೆಕ್ಟ್ರಾನಿಕ್ ಚೋಕ್ 20 ಕಿಲೋಹರ್ಟ್ಜ್‌ಗೂ ಮೇಲೆ ಕೆಲಸ ಮಾಡುವುದರಿಂದ ಆ ತೊಂದರೆ ಬಹಳ ಮಟ್ಟಿಗೆ ಹೋಯಿತು. ಎಲ್‌ಇಡಿ ಬಂದ ಮೇಲೆ ಮತ್ತೆ ಹಳೆಯ ಕತೆ: ಡ್ರೈವರ್ ಚಲೋ ಇದ್ದರೆ ಬೆಳಕು ಸ್ಥಿರ, ಅಗ್ಗದ ಡ್ರೈವರ್ ಆದರೆ ಎಲ್‌ಇಡಿ ಕ್ಷಣಮಾತ್ರದಲ್ಲಿ ಹತ್ತಿ ಆರುವ ವಸ್ತು ಆದ್ದರಿಂದ ಏರಿಳಿತ ಪೂರಾ ಬೆಳಕಿನಲ್ಲೇ ಇಳಿಯುತ್ತದೆ.

ಅಳೆಯುವ ಸೂತ್ರ ಸುಲಭ. ಹೆಚ್ಚಿನ ಬೆಳಕು, ಕಡಿಮೆ ಬೆಳಕು ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿ. ಹೆಚ್ಚು 120, ಕಡಿಮೆ 80 ಇದ್ದರೆ 40 ಭಾಗ 200, ಅಂದರೆ 20%. ಐಇಇಇ 1789 ಎಂಬ 2015ರ ಶಿಫಾರಸಿನ ಪ್ರಕಾರ 90 ಹರ್ಟ್ಜ್‌ಗಿಂತ ಮೇಲೆ ಕಡಿಮೆ ಅಪಾಯದ ಮಿತಿ ಬೇಕಾದರೆ ಫ್ರೀಕ್ವೆನ್ಸಿಯನ್ನು 0.08ರಿಂದ ಗುಣಿಸಬೇಕು. 100 ಹರ್ಟ್ಜ್‌ಗೆ 8%. ನಮ್ಮ ಉದಾಹರಣೆಯ 20% ಆ ಮಿತಿ ದಾಟಿತು. ಇಂಥ ಬೆಳಕಿನಲ್ಲಿ ಬಹಳ ಹೊತ್ತು ಓದಿದರೆ ಕೆಲವರಿಗೆ ಕಣ್ಣು ದಣಿಯುತ್ತದೆ, ತಲೆ ನೋಯುತ್ತದೆ.

ತಲೆನೋವಿಗಿಂತ ದೊಡ್ಡ ಅಪಾಯ ತಿರುಗುವ ಯಂತ್ರದ ಹತ್ತಿರ. ನಾಲ್ಕು ಪೋಲ್ ಇಂಡಕ್ಷನ್ ಮೋಟರ್ ಲೆಕ್ಕ ಹಿಡಿಯಿರಿ. ಸಿಂಕ್ರೊನಸ್ ವೇಗ 1500 ಆರ್‌ಪಿಎಂ, ಅಂದರೆ ಸೆಕೆಂಡಿಗೆ 25 ಸುತ್ತು. 100 ಹರ್ಟ್ಜ್ ಬೆಳಕು ಒಂದು ಸುತ್ತಿಗೆ ನಾಲ್ಕು ಸಲ ಮೇಲೇರುತ್ತದೆ. ಪುಲ್ಲಿಗೆ ನಾಲ್ಕು ಕಡ್ಡಿ ಇದ್ದು ಅದು ಸರಿಯಾಗಿ ಇದೇ ವೇಗದಲ್ಲಿ ತಿರುಗಿದರೆ, ಪ್ರತಿ ಸಲ ಬೆಳಕು ಏರಿದಾಗ ಒಂದು ಕಡ್ಡಿಯ ಜಾಗದಲ್ಲಿ ಇನ್ನೊಂದು ಕಡ್ಡಿ ಬಂದಿರುತ್ತದೆ. ಕಣ್ಣಿಗೆ ಪುಲ್ಲಿ ನಿಂತ ಹಾಗೆ ಕಾಣುತ್ತದೆ. ನಿಜವಾದ ಮೋಟರ್ ಸ್ಲಿಪ್‌ನಿಂದ 1440ರಲ್ಲಿ ತಿರುಗುತ್ತದೆ ಅನ್ನಿ. ಸೆಕೆಂಡಿಗೆ 24 ಸುತ್ತು, ಎರಡು ಏರಿಕೆಯ ನಡುವೆ 86.4 ಡಿಗ್ರಿ. ಮುಂದಿನ ಕಡ್ಡಿಯ ಜಾಗಕ್ಕೆ 3.6 ಡಿಗ್ರಿ ಕಡಿಮೆ. ಹೀಗೆ 100 ಸಲ ಅಂದರೆ ಸೆಕೆಂಡಿಗೆ 360 ಡಿಗ್ರಿ ಹಿಂದಕ್ಕೆ. 1440 ಆರ್‌ಪಿಎಂನಲ್ಲಿ ಮುಂದಕ್ಕೆ ಓಡುವ ಪುಲ್ಲಿ, ನಿಮಿಷಕ್ಕೆ 60 ಸುತ್ತಿನ ಹಾಗೆ ಆರಾಮಾಗಿ ಹಿಂದಕ್ಕೆ ತಿರುಗುವಂತೆ ಕಾಣುತ್ತದೆ. ಆ 60 ಅನ್ನೋದು 1500 ಕಳೆ 1440, ಸ್ಲಿಪ್ ವೇಗವೇ. ಮಷಿನ್ಸ್ ಲ್ಯಾಬ್‌ನಲ್ಲಿ ಸ್ಟ್ರೋಬೊಸ್ಕೋಪ್‌ನಿಂದ ಸ್ಲಿಪ್ ಅಳೆಯುವುದರ ಹಿಂದೆ ಇರುವುದೂ ಇದೇ ತತ್ವ.

ಲ್ಯಾಬ್‌ನಲ್ಲಿ ಇದು ಪ್ರಯೋಗ. ಮಗ್ಗದ ಶೆಡ್‌ನಲ್ಲಿ ಇದು ಬೆರಳಿನ ಪ್ರಶ್ನೆ. ಪಾವರ್‌ಲೂಮ್ ನಡೆಸುವ ನೇಕಾರರು ರಾತ್ರಿಯಲ್ಲೂ ದುಡಿಯುತ್ತಾರೆ. ಎಳೆ ತುಂಡಾಯಿತೇ ನೋಡಬೇಕು, ಲಾಳಿಯೊಳಗಿನ ಕಂಡಿಕೆ ಬದಲಿಸಬೇಕು, ಪಟ್ಟಾ, ಪುಲ್ಲಿ, ಗಿಯರುಗಳ ಪಕ್ಕದಲ್ಲೇ ಓಡಾಡಬೇಕು. ಸುತ್ತಲೂ ಇಷ್ಟೊಂದು ಮಗ್ಗ ಸದ್ದು ಮಾಡುವಾಗ ಯಾವುದು ನಿಂತಿದೆ ಅಂತ ಕಿವಿ ಹೇಳಲಾರದು, ಕಣ್ಣೇ ಹೇಳಬೇಕು. ಆ ಕಣ್ಣಿಗೇ ಬೆಳಕು ಸುಳ್ಳು ಹೇಳಿದರೆ?

ಪರಿಹಾರ ನಮ್ಮ ಪಾಠದಲ್ಲೇ ಇದೆ. ಶೆಡ್‌ಗೆ ಮೂರು ಫೇಸ್ ಸಪ್ಲೈ ಇದ್ದರೆ ಲೈಟುಗಳನ್ನೆಲ್ಲ ಒಂದೇ ಫೇಸಿಗೆ ಹಾಕಬಾರದು. ಪಕ್ಕಪಕ್ಕದ ಲೈಟುಗಳನ್ನು ಆರ್, ವೈ, ಬಿ ಮೂರಕ್ಕೂ ಹಂಚಬೇಕು. ಒಂದು ಇಳಿದಾಗ ಇನ್ನೊಂದು ಏರುತ್ತದೆ. ಸಮತೋಲನದ ಮೂರು ಫೇಸ್ ಲೋಡಿನ ಒಟ್ಟು ಪವರ್ ಸ್ಥಿರ ಅಂತ ನಾವು ಬೋರ್ಡ್ ಮೇಲೆ ಸಾಧಿಸಿದ್ದೇವಲ್ಲ, ಅದೇ ಇಲ್ಲಿ ಮಗ್ಗದ ಮೇಲೆ ಬೀಳುವ ಬೆಳಕಾಗಿ ಬರುತ್ತದೆ. ಅದಾಗದಿದ್ದರೆ ಮಗ್ಗದ ಮೇಲಿನ ಲೈಟಿಗಾದರೂ ಚಲೋ ಡ್ರೈವರ್ ಇರುವ ಎಲ್‌ಇಡಿ ಹಾಕಬೇಕು. ತಿರುಗುವ ಭಾಗಕ್ಕೆ ಜಾಳಿಗೆ ಮುಚ್ಚಬೇಕು. ಲೈಟ್ ಎಷ್ಟೇ ಚಲೋ ಇದ್ದರೂ ಜಾಳಿಗೆ ಬೇಕೇ ಬೇಕು.

ಕಾಣದ ಫ್ಲಿಕರ್ ಪತ್ತೆ ಹಚ್ಚಲು ಉಪಕರಣವೂ ಬೇಕಿಲ್ಲ. ಲೈಟಿನ ಕೆಳಗೆ ಒಂದು ಪೆನ್ನನ್ನು ಬೀಸಣಿಗೆಯ ಹಾಗೆ ಬೇಗ ಬೇಗ ಆಡಿಸಿ. ಒಂದೇ ಮಸುಕು ಕಂಡರೆ ಬೆಳಕು ಚಲೋ. ಬಿಡಿ ಬಿಡಿಯಾಗಿ ನಾಲ್ಕೈದು ಪೆನ್ನು ಕಂಡರೆ ಏರಿಳಿತ ಹೆಚ್ಚು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು ತೆಗೆದರೂ ಕಾಣುತ್ತದೆ. ಹಬ್ಬಕ್ಕೆ ಊರಿಗೆ ಹೋದಾಗ ಮನೆಯ, ಮಗ್ಗದ, ಗಿರಣಿಯ ಲೈಟಿನ ಕೆಳಗೆ ಒಮ್ಮೆ ಪೆನ್ನು ಆಡಿಸಿ ನೋಡಿ. ಮಗ್ಗ ನಿಲ್ಲಿಸಿ ಮಾತ್ರ.

6. ಪರದೆ, ಕ್ಯಾಮೆರಾ, ವೇದಿಕೆ

ಕ್ಯಾಮೆರಾದಲ್ಲಿ ಟ್ಯೂಬ್‌ಲೈಟ್ ಕೆಳಗೆ ವಿಡಿಯೋ ತೆಗೆದಾಗ ಕಪ್ಪು ಪಟ್ಟಿಗಳು ಹರಿಯುತ್ತವಲ್ಲ, ಅದೂ 100 ಹರ್ಟ್ಜ್ ಆಟವೇ. ಸೆಟ್ಟಿಂಗ್ಸ್‌ನಲ್ಲಿ ಆಂಟಿಫ್ಲಿಕರ್ 50 ಹರ್ಟ್ಜ್ ಇಡಿ, ಇಲ್ಲವೇ ಶಟರ್ 1/50 ಅಥವಾ 1/100 ಸೆಕೆಂಡ್ ಇಡಿ. ಕೆಲವು ಮೊಬೈಲ್ ಪರದೆಗಳು ಬೆಳಕು ತಗ್ಗಿಸಲು ಪಿಡಬ್ಲ್ಯೂಎಂ ಬಳಸುತ್ತವೆ, ಅಂದರೆ ಬೇಗ ಬೇಗ ಆನ್-ಆಫ್. ರಾತ್ರಿ ಬ್ರೈಟ್‌ನೆಸ್ ಕೆಳಗಿಟ್ಟು ಓದುವವರಲ್ಲಿ ಕೆಲವರಿಗೆ ಕಣ್ಣು ಉರಿಯಲು ಇದೂ ಒಂದು ಕಾರಣ ಆಗಬಹುದು.

ಫೆಸ್ಟ್ ನಡೆಸುವ ಗೆಳೆಯರು ಇದೊಂದನ್ನು ಗಮನವಿಟ್ಟು ಓದಿ. ಸೆಕೆಂಡಿಗೆ 3ರಿಂದ 30 ಸಲ ಹೊಡೆಯುವ ಜೋರು ಬೆಳಕು ಕೆಲವರಲ್ಲಿ ಮೂರ್ಛೆ ತರಿಸಬಲ್ಲದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಬದಲಾಯಿತು. ಅಂದು 600ಕ್ಕೂ ಹೆಚ್ಚು ಜನರನ್ನು, ಬಹುತೇಕ ಮಕ್ಕಳನ್ನು, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಅದಕ್ಕೇ ವೆಬ್‌ಪುಟಗಳ ಮಾರ್ಗಸೂಚಿ ಸೆಕೆಂಡಿಗೆ 3ಕ್ಕಿಂತ ಹೆಚ್ಚು ಫ್ಲ್ಯಾಶ್ ಬೇಡ ಅನ್ನುತ್ತದೆ. ಡಿಜೆ ರಾತ್ರಿ ಸ್ಟ್ರೋಬ್ ಹಾಕುವುದಾದರೆ ಮೊದಲೇ ಮೈಕ್‌ನಲ್ಲಿ ಹೇಳಿ, ಗೇಟಿನಲ್ಲೂ ಬರೆದು ಹಾಕಿ.

7. ಬೆಳಕಿಲ್ಲದ ಫ್ಲಿಕರ್

ಇಸಿ ಗೆಳೆಯರ ‘ಫ್ಲಿಕರ್ ನಾಯ್ಸ್’ನಲ್ಲಿ ಬೆಳಕೇ ಇಲ್ಲ. 1925ರಲ್ಲಿ ಜೆ. ಬಿ. ಜಾನ್ಸನ್ ನಿರ್ವಾತ ನಳಿಗೆಗಳಲ್ಲಿ ಕಡಿಮೆ ಫ್ರೀಕ್ವೆನ್ಸಿಯ ವಿಚಿತ್ರ ಗದ್ದಲವನ್ನು ಗುರುತಿಸಿದರು. ಮರುವರ್ಷ ವಾಲ್ಟರ್ ಶಾಟ್ಕಿ ಅದನ್ನು ಫ್ಲಿಕರ್ ಪರಿಣಾಮ ಅಂತ ಕರೆದು ವಿವರಿಸಲು ಹೊರಟರು. ಕ್ಯಾಥೋಡಿನಿಂದ ಹೊರಡುವ ಎಲೆಕ್ಟ್ರಾನ್ ಹರಿವು ದೀಪದ ಕುಡಿಯ ಹಾಗೆ ನಿಧಾನವಾಗಿ ಅಲುಗುತ್ತಿದ್ದುದಕ್ಕೆ ಆ ಹೆಸರು ಒಪ್ಪಿತು. ಫ್ರೀಕ್ವೆನ್ಸಿ ಕಡಿಮೆಯಾದಷ್ಟೂ ಇದು ಹೆಚ್ಚು, ಅದಕ್ಕೇ ಒನ್ ಬೈ ಎಫ್ ನಾಯ್ಸ್ ಅನ್ನುವುದು. ಮಾಸ್‌ಫೆಟ್‌ಗಳಲ್ಲಿ ಇವತ್ತಿಗೂ ತಲೆನೋವು. ಇದಕ್ಕೆ ಕನ್ನಡ ಹೇಳಲೇಬೇಕಾದರೆ ‘ಹೊಯ್ದಾಟದ ಗದ್ದಲ’ ಒಪ್ಪುತ್ತದೆ, ‘ಮಿನುಗು ಗದ್ದಲ’ ಒಪ್ಪುವುದಿಲ್ಲ.

8. ಅಭ್ಯಾಸ

ಮೊದಲು ನೀವೇ ಬರೆಯಿರಿ, ಆಮೇಲೆ ಕೆಳಗೆ ನೋಡಿ.

ಅ) ಸರಿಯಾದ ಪದ ತುಂಬಿ (ಹೊಯ್ದಾಡು, ಮಿಣುಕು, ಮಿನುಗು, ಮಿಟುಕು, ಸುಳಿ, ಏರಿಳಿತ):
1. ಗಾಳಿಗೆ ಪಣತಿಯ ಕುಡಿ ______.
2. ಪಂಪ್‌ಸೆಟ್ ಚಾಲೂ ಆದಾಗಲೆಲ್ಲ ಲೈಟಿನಲ್ಲಿ ______.
3. ರೌಟರಿನ ಹಸಿರು ಲೈಟ್ ______.
4. ರಿಸಲ್ಟ್ ನೋಡಿ ಅವಳ ಮುಖದಲ್ಲಿ ನಗು ______.
5. ಕತ್ತಲಲ್ಲಿ ಬೇಲಿಯ ಮೇಲೆ ಹುಳಗಳು ______.
6. ಮದುವೆಯಲ್ಲಿ ಸೀರೆಯ ಜರಿ ______.

ಆ) ಒಂದು ಲೈಟಿನ ಹೆಚ್ಚಿನ ಬೆಳಕು 900 ಲಕ್ಸ್, ಕಡಿಮೆ 100 ಲಕ್ಸ್, 100 ಹರ್ಟ್ಜ್. ಏರಿಳಿತ ಎಷ್ಟು ಶೇಕಡಾ? 8%ರ ಮಿತಿಯಲ್ಲಿದೆಯೇ?

ಇ) ಅದೇ ಲೈಟಿನ ಕೆಳಗೆ ನಾಲ್ಕು ಕಡ್ಡಿಯ ಪುಲ್ಲಿ 1470 ಆರ್‌ಪಿಎಂನಲ್ಲಿ ತಿರುಗುತ್ತಿದೆ. ಕಣ್ಣಿಗೆ ಹೇಗೆ ಕಾಣುತ್ತದೆ?

ಉತ್ತರ: ಅ) 1. ಹೊಯ್ದಾಡುತ್ತಿದೆ 2. ಏರಿಳಿತ ಆಗುತ್ತದೆ 3. ಮಿಟುಕುತ್ತಿದೆ 4. ಸುಳಿಯಿತು 5. ಮಿಣುಕುತ್ತಿವೆ 6. ಮಿನುಗುತ್ತಿತ್ತು. ಆ) 800 ಭಾಗ 1000, ಅಂದರೆ 80%. ಮಿತಿಯ ಹತ್ತು ಪಟ್ಟು, ಈ ಲೈಟ್ ಯಂತ್ರದ ಮೇಲೆ ಬೇಡವೇ ಬೇಡ. ಇ) ನಿಮಿಷಕ್ಕೆ 30 ಸುತ್ತಿನಂತೆ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದೆ.

ನಿಮ್ಮ ಊರಲ್ಲಿ ಲೈಟ್ ಹೀಗೆ ಆಡಿದರೆ ಏನಂತಾರೆ? ಬೀಳಗಿಯಲ್ಲಿ ಒಂದು, ತೇರದಾಳದಲ್ಲಿ ಒಂದು, ಮಹಾಲಿಂಗಪುರದಲ್ಲಿ ಇನ್ನೊಂದು ಮಾತು ಇದ್ದೀತು. ಅಜ್ಜಿ-ಅಜ್ಜನನ್ನು, ನೇಕಾರ ಕಾಕಾನನ್ನು, ಲೈನ್‌ಮನ್ ಅಣ್ಣನನ್ನು ಕೇಳಿ, ಅದು ಯಾವ ಬಗೆಯ ಬೆಳಕಿಗೆ ಹೇಳುವ ಮಾತು ಅಂತಲೂ ಬರೆದು ನಮ್ಮ ಕನ್ನಡ ಬಳಗಕ್ಕೆ ಕಳಿಸಿ. ಬಂದವನ್ನೆಲ್ಲ ಕೂಡಿಸಿ ಒಂದು ಪಟ್ಟಿ ಮಾಡೋಣ.